ಮೈಕ್ ಇಲ್ಲದ 10 ದಿನ

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಮೊದಲ ಭೇಟಿಯಲ್ಲಿ ಚಂದ್ರಪ್ಪ ಒಂದೂ ಮಾತಾಡಲಿಲ್ಲ. ಮಾತಾಡುವ ಹಾಗೇ ಇರಲಿಲ್ಲ. 10 ದಿನ ಬಾಯಿ ತೆರೆಯಕೂಡದು, ಪಿಸುಮಾತೂ ಬೇಡ ಅಂತ ಗಂಟಲಿನ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಕೈಯಲ್ಲಿ 200 ಪುಟದ ನೋಟ್‌ಬುಕ್, ಅಂಗಿ ಜೇಬಿನಲ್ಲಿ ಎರಡು ಪೆನ್ನು. ಪಕ್ಕದಲ್ಲಿ ಹೆಂಡತಿ ಗೀತಮ್ಮ. ನಾನು ಕೇಳುವುದು, ಅವರು ಬರೆದು ನನ್ನ ಕಡೆ ತಿರುಗಿಸುವುದು. ಅವರು ಬರೆದ ಮೊದಲ ಸಾಲು ಇದು: "ನನಗೆ ಏನೂ ಆಗಿಲ್ಲ. ಇವಳ ಕಾಟಕ್ಕೆ ಬಂದಿದ್ದೇನೆ."

ಗೀತಮ್ಮ ಅದನ್ನು ಓದಿ, "ನೋಡ್ರಿ ಮೇಡಂ, ಬಾಯಿ ಮುಚ್ಚಿಸಿದ್ರೂ ಜಗಳ ಬಿಟ್ಟಿಲ್ಲ" ಅಂದರು. ಚಂದ್ರಪ್ಪ ಸದ್ದಿಲ್ಲದೆ ನಕ್ಕರು.

ಹೆಸರು, ವಯಸ್ಸು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. "ನನ್ನ ಕಥೆ ಅಂತ ಯಾರಿಗೂ ಗೊತ್ತಾಗಬಾರದು. ಆದ್ರೆ ನಮ್ಮ ಕಸುಬಿನ ಕಥೆ ಅಂತ ಗೊತ್ತಾಗ್ಬೇಕು" ಅನ್ನುವುದು ಅವರ ಷರತ್ತು.

ಚಂದ್ರಪ್ಪನವರಿಗೆ 42 ವರ್ಷ. ದಾವಣಗೆರೆಯಲ್ಲಿ ಬಾಡಿಗೆ ಮನೆ, ಹುಟ್ಟೂರು ಜಗಳೂರು ಕಡೆ. ತಂದೆ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿದ ಮೇಲೆ ಎಪಿಎಂಸಿಯಲ್ಲಿ ಹಮಾಲಿ. ಮನೆಯಲ್ಲಿ ಬೆಲೆ ಬಾಳುವ ವಸ್ತು ಅಂತ ಇದ್ದಿದ್ದು ಒಂದೇ ಒಂದು ರೇಡಿಯೊ. ಭದ್ರಾವತಿ ಆಕಾಶವಾಣಿಗೆ ತಿರುಗಿಸಿಟ್ಟ ಮುಳ್ಳು ಅಲ್ಲಿಂದ ಕದಲುತ್ತಲೇ ಇರಲಿಲ್ಲವಂತೆ. ದಸರಾ ಬಂತು ಅಂದರೆ ಜಂಬೂಸವಾರಿಯ ವೀಕ್ಷಕ ವಿವರಣೆ. "ನಾನು ಮೊದಲು ಆನೆ ನೋಡಿದ್ದು ಕಿವಿಯಲ್ಲಿ" ಅಂತ ಬರೆದು ಅದರ ಕೆಳಗೆ ಗೆರೆ ಎಳೆದರು.

ಹೈಸ್ಕೂಲಿನಲ್ಲಿ ಒಳ್ಳೇ ಕಬಡ್ಡಿ ಆಟಗಾರ. ಲೆಫ್ಟ್ ಕಾರ್ನರ್. ಮಂಡಿ ಜಾರಿತು, ಆಟ ನಿಂತಿತು. ಊರಿನ ಒಂದು ಪಂದ್ಯಾವಳಿಗೆ ಮೈಕಿನವರು ಬರಲಿಲ್ಲ, ಇವರು ಹಿಡಿದರು. ಆಮೇಲೆ ಯಾರೋ ಹೇಳಿದರು ಅಂತ ನಮ್ಮ ಭಾಗದ ಒಂದು ರೇಡಿಯೊ ಕೇಂದ್ರದಲ್ಲಿ ಧ್ವನಿ ಪರೀಕ್ಷೆ ಕೊಟ್ಟು ಪಾಸಾದರು. 2007ರಿಂದ ಕ್ಯಾಶುಯಲ್ ಉದ್ಘೋಷಕ, ಅಂದರೆ ಖಾಯಂ ಅಲ್ಲ, ಪಾಳಿ ಲೆಕ್ಕದ ಕೆಲಸ. ತಿಂಗಳಿಗೆ ಸಿಗುವುದು 6 ಪಾಳಿ. ಅದರ ಜೊತೆಗೆ ವಾರಕ್ಕೊಮ್ಮೆ 15 ನಿಮಿಷದ ಕ್ರೀಡಾ ಕಾರ್ಯಕ್ರಮ. ಜಿಲ್ಲೆಯ ಖೋ ಖೋ, ಕಬಡ್ಡಿ, ಕುಸ್ತಿ, ಟೆನಿಸ್ ಬಾಲ್ ಕ್ರಿಕೆಟ್ ಏನೇ ನಡೆಯಲಿ, ಬೈಕ್ ಹತ್ತಿ ಹೋಗಿ ಫಲಿತಾಂಶ ತರುವುದು, ಗೆದ್ದವರ ಮಾತು ರೆಕಾರ್ಡ್ ಮಾಡುವುದು. ಪೆಟ್ರೋಲ್ ಸ್ವಂತದ್ದು.

2014ರ ಫೆಬ್ರವರಿಯಲ್ಲಿ ಕರ್ನಾಟಕ 15 ವರ್ಷದ ಮೇಲೆ ರಣಜಿ ಟ್ರೋಫಿ ಗೆದ್ದಾಗ ನಾಯಕ ದಾವಣಗೆರೆಯ ವಿನಯ್ ಕುಮಾರ್. ಆ ವಾರದ ಕಾರ್ಯಕ್ರಮದ ಬಗ್ಗೆ ಚಂದ್ರಪ್ಪ ನನಗೆ ಮುಕ್ಕಾಲು ಪುಟ ಬರೆದು ಕೊಟ್ಟರು. ಸ್ಕೋರು, ಓವರು ಏನೂ ಅದರಲ್ಲಿ ಇರಲಿಲ್ಲ. ಹೈಸ್ಕೂಲ್ ಮೈದಾನದ ಮಣ್ಣು ಹೇಗಿರುತ್ತದೆ, ಚೆಂಡು ಬಿದ್ದಾಗ ಹೇಗೆ ದೂಳು ಏಳುತ್ತದೆ, ಅಲ್ಲಿ ಆಡುವ ಹುಡುಗರು ಅವತ್ತು ಏನಂದರು, ಬರೀ ಇಷ್ಟೇ. ನನಗೆ ಕ್ರಿಕೆಟ್ ಅಷ್ಟಕ್ಕಷ್ಟೆ. ಆದರೂ ಎರಡು ಸಲ ಓದಿದೆ.

ದನಿ ಹೋಗಿದ್ದು ಹರಿಹರ ತಾಲೂಕಿನ ಒಂದು ಊರಿನಲ್ಲಿ, ಹೊನಲು ಬೆಳಕಿನ ಕಬಡ್ಡಿ ಫೈನಲ್‌ನಲ್ಲಿ. ರಾತ್ರಿ ಎರಡೂವರೆ. ಕೊನೆಯ ಎರಡು ನಿಮಿಷ, ಅಂಕಣದಲ್ಲಿ ಉಳಿದವರು ಮೂರೇ ಜನ ಡಿಫೆಂಡರ್‌ಗಳು. ಆ ಮೂವರು ಸೇರಿ ಎದುರಾಳಿ ರೈಡರನ್ನು ಮಧ್ಯಗೆರೆಯ ಹತ್ತಿರ ಎಳೆದು ಕೆಡವಿದರು. ಸೂಪರ್ ಟ್ಯಾಕಲ್ ಅಂತ ಕೂಗಲು ಹೋಗಿ "ಸೂಪರ್ ಟ್ಯಾಕ" ಅನ್ನುವಷ್ಟರಲ್ಲಿ ದಾರ ಕಿತ್ತ ಹಾಗೆ ದನಿ ನಿಂತಿತು. ಜನ ಕರೆಂಟ್ ಹೋಯಿತು ಅಂದುಕೊಂಡರಂತೆ. ಪಕ್ಕದಲ್ಲಿ ಮೊಬೈಲ್ ಹಿಡಿದು ಯೂಟ್ಯೂಬ್ ಲೈವ್ ಮಾಡುತ್ತಿದ್ದ ಒಬ್ಬ ಹುಡುಗ ಮೈಕ್ ತೆಗೆದುಕೊಂಡು ಪಂದ್ಯ ಮುಗಿಸಿದ.

ಡಾಕ್ಟರು ಕೊಳವೆಯ ಕ್ಯಾಮೆರಾ ಹಾಕಿ ನೋಡಿದಾಗ ಧ್ವನಿತಂತುವಿನ ಮೇಲೆ ಸಣ್ಣ ರಕ್ತನಾಳ ಒಡೆದಿತ್ತು. ಇದು ಜೋರಾಗಿ ಕಿರುಚುವವರಿಗೆ, ಹಾಡುವವರಿಗೆ ಆಗುವಂಥದ್ದು. ಸಮಯಕ್ಕೆ ಸರಿಯಾಗಿ ಮೌನ ಇದ್ದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಲೆಕ್ಕಿಸದೆ ಮಾತಾಡಿದರೆ ಗಾಯದ ಗುರುತು ಅಲ್ಲೇ ನಿಂತು ದನಿ ಕೆಡಬಹುದು. ಡಾಕ್ಟರು ಇಷ್ಟು ಹೇಳಿದ ಮೇಲೆ ಚಂದ್ರಪ್ಪ ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬೇಡ, ನಿದ್ದೆ ಇಲ್ಲ. ಅದಕ್ಕೇ ಗೀತಮ್ಮ ಕರೆತಂದಿದ್ದು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮೊದಲ ಭೇಟಿಯಲ್ಲೇ ಹಣದ ಲೆಕ್ಕಕ್ಕೆ ಕೈ ಹಾಕಿದೆ. 6 ಪಾಳಿಯ ಹಣ ಹಾಲು, ಗ್ಯಾಸ್‌ಗೆ ಸರಿಹೋಗುತ್ತೆ, ಪಂದ್ಯಾವಳಿಗಳು ಬೇಸಿಗೆಯಲ್ಲಿ ಜಾಸ್ತಿ, ಮಳೆಗಾಲದಲ್ಲಿ ಇಲ್ಲ, ಸಂಘದ ಸಾಲ ಬೇರೆ. "ಒಂದು ಖಾಯಂ ಕೆಲಸದ ಬಗ್ಗೆ ಯೋಚಿಸಿದ್ದೀರಾ?" ಅಂದೆ. ಅವರು "ಸರಿ" ಅಂತ ಬರೆದು ನೋಟ್‌ಬುಕ್ ಮುಚ್ಚಿದರು. ಮಾತಾಡುವ ಮನುಷ್ಯ "ಸರಿ" ಅಂದರೆ ದನಿಯಲ್ಲಿ ಗೊತ್ತಾಗುತ್ತೆ. ಬರೆದಾಗ ಗೊತ್ತಾಗಲಿಲ್ಲ. ಮಾರನೇ ದಿನ ಗೀತಮ್ಮ ಫೋನ್ ಮಾಡಿ, "ಅವರು ಇನ್ನು ಬರಲ್ಲ ಅಂತ ಬರ್ದಾರೆ ಮೇಡಂ" ಅಂದರು. ನಾನು ಅವರಿಗೆ ಒಂದು ಚೀಟಿ ಕಳಿಸಿದೆ: ಕೆಲಸದ ಮಾತು ನಾನು ಎತ್ತುವುದಿಲ್ಲ, ನಿಮ್ಮ ಕಾರ್ಯಕ್ರಮದ ಬಗ್ಗೆ ಇನ್ನೊಂದು ಪುಟ ಬರೆದು ತನ್ನಿ, ಸಾಕು.

6ನೇ ದಿನ ಬಂದರು. ನಾಲ್ಕು ಪುಟ ಬರೆದಿದ್ದರು. ಗೀತಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಆ ಪುಟಗಳಲ್ಲಿ ಇದ್ದಿದ್ದು ಭಾನುವಾರಗಳ ಕಥೆ. ಎರಡು ವರ್ಷದ ಹಿಂದೆ ಆ 15 ನಿಮಿಷದ ಕಾರ್ಯಕ್ರಮವನ್ನು ಕೇಂದ್ರದವರು ನಿಲ್ಲಿಸಿದ್ದರು. ಆ ಹೊತ್ತಿಗೆ ಬೇರೆ ಕಡೆಯಿಂದ ಬರುವ ಕಾರ್ಯಕ್ರಮ ಹಾಕಿದರು. ಒಂದು ಫೋನೂ ಇಲ್ಲ, ಚೀಟಿಯೂ ಇಲ್ಲ. ಪಟ್ಟಿಯಲ್ಲಿ ಹೆಸರು ಕಾಣದೆ ಇದ್ದಾಗ ಗೊತ್ತಾಗಿದ್ದು. ಮನೆಯಲ್ಲಿ ಹೇಳಲಿಲ್ಲ. 8 ತಿಂಗಳು ಪ್ರತಿ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ರೆಕಾರ್ಡಿಂಗ್ ಅಂತ ಹೊರಟು, ಬಸ್‌ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ಮೂರು ಗಂಟೆ ಕೂತು ಬರುತ್ತಿದ್ದರು. ಪೆಟ್ರೋಲ್ ಖರ್ಚಿನ ಲೆಕ್ಕ ಸರಿಹೋಗಲಿ ಅಂತ ಒಂದೆರಡು ಸಲ ಹರಿಹರದವರೆಗೆ ಸುಮ್ನೆ ಹೋಗಿ ಬಂದಿದ್ದೂ ಇದೆ.

ಓದಿ ಮುಗಿಸಿ ಕೇಳಿದೆ: "ಇದನ್ನು ಗೀತಮ್ಮನವರಿಗೆ ತೋರಿಸ್ತೀರಾ?" ತುಂಬಾ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿದರು.

ಗೀತಮ್ಮ ನಿಂತುಕೊಂಡೇ ಓದಿದರು. "ಗೊತ್ತಿತ್ತು" ಅಂದರು. "ನಾನು ಪ್ರತಿ ವಾರ ರೇಡಿಯೊ ಹಾಕ್ತಿದ್ದೆ ಮೇಡಂ. ಇವರ ದನಿ ಬರ್ತಾ ಇರಲಿಲ್ಲ. ನೆಟ್‌ವರ್ಕ್ ಸಮಸ್ಯೆ ಇರಬೇಕು ಅಂತ ಮಗಳಿಗೆ ನಾನೇ ಸುಳ್ಳು ಹೇಳ್ದೆ. ಅವರಾಗೇ ಹೇಳ್ಲಿ ಅಂತ ಕಾಯ್ತಾ ಇದ್ದೆ. ಆಮೇಲೆ ಕೇಳಿದ್ರೆ ಮನಸ್ಸಿಗೆ ನೋವಾಗುತ್ತೆ ಅಂತ ಬಿಟ್ಟೆ."

ಅಂದರೆ ಒಂದೇ ಮನೆಯಲ್ಲಿ ಇಬ್ಬರೂ ಒಂದೇ ವಿಷಯವನ್ನು ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಎರಡು ವರ್ಷ. ಡಾಕ್ಟರು 10 ದಿನದ ಮೌನ ಹಾಕಿದ್ದು ಆಮೇಲೆ. ಅವತ್ತಿನ ಭೇಟಿಯಲ್ಲಿ ನಾನು ಹೆಚ್ಚೇನೂ ಹೇಳಲಿಲ್ಲ. ಇಬ್ಬರೂ ಬೆಣ್ಣೆ ದೋಸೆ ತಿಂದು ಮನೆಗೆ ಹೋಗಿ ಅಂದೆ. ಇದು ಆಪ್ತಸಲಹೆಯ ಯಾವ ಪಾಠದಲ್ಲೂ ಇಲ್ಲ, ಗೊತ್ತು.

ಮುಂದಿನ ಭೇಟಿಗಳಲ್ಲಿ ದನಿ ಬಂದಿತ್ತು, ಮೆಲ್ಲಗೆ. ಒಂದು ಸಲಕ್ಕೆ ಐದು ನಿಮಿಷ ಮಾತ್ರ ಮಾತಾಡಲು ಅನುಮತಿ. ಆಗ ಕೊಟ್ಟ ಸಲಹೆಗಳನ್ನು ಇಲ್ಲಿ ಬರೆಯುತ್ತೇನೆ. ಇದೇ ಕಸುಬಿನಲ್ಲಿರುವ ಬೇರೆಯವರಿಗೂ ಬೇಕಾಗಬಹುದು.

ಗಂಟಲಿನ ಔಷಧಿ ಡಾಕ್ಟರದ್ದು, ಧ್ವನಿ ವ್ಯಾಯಾಮ ಸ್ಪೀಚ್ ಥೆರಪಿಯವರದ್ದು. ಮತ್ತೆ ತೊಂದರೆಯಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ಅಲ್ಲಿ ದನಿಗೆಂದೇ ತಜ್ಞರಿದ್ದಾರೆ ಅಂತ ಹೇಳಿದೆ. ನನ್ನ ಪಾಲಿನದು ಬೇರೆ. ಅವರು ದನಿಯನ್ನು ದೇವರು ಕೊಟ್ಟಿದ್ದು ಅಂತ ನಂಬಿದ್ದರು, ಅದು ಸುಸ್ತಾಗುತ್ತೆ ಅಂತ ನಂಬಿರಲಿಲ್ಲ. "ನಿಮ್ಮ ಮಂಡಿ ಜಾರಿದಾಗ ಅದು ದೇವರು ಕೊಟ್ಟ ಮಂಡಿ ಅಂತ ಆಡ್ತಾ ಹೋದ್ರಾ?" ಅಂದೆ. ಆಟಗಾರನಿಗೆ ಆಟದ ಭಾಷೆಯಲ್ಲೇ ಹೇಳಬೇಕು.

ಇನ್ನೊಂದು ಸಂಗತಿ ಅವರ ಮಾತಿನಿಂದಲೇ ಹೊರಬಿತ್ತು. ರೇಡಿಯೊದಲ್ಲಿ 17 ವರ್ಷ ಮಾತಾಡಿದರೂ ಗಂಟಲು ಕೆಟ್ಟಿರಲಿಲ್ಲ. ಸ್ಟುಡಿಯೊದಲ್ಲಿ ಹೆಡ್‌ಫೋನ್ ಇರುತ್ತೆ, ತನ್ನ ದನಿ ತನಗೆ ಕೇಳುತ್ತೆ, ಕಿರುಚುವುದು ಬೇಕಾಗುವುದಿಲ್ಲ. ಮೈದಾನದಲ್ಲಿ ಡ್ರಮ್ಮು, ಸೀಟಿ, ಜನರೇಟರ್ ಸದ್ದು. ಗದ್ದಲದಲ್ಲಿ ತನ್ನ ದನಿ ತನಗೆ ಕೇಳದಿದ್ದರೆ ಯಾರಿಗಾದರೂ ಗೊತ್ತಿಲ್ಲದೆ ದನಿ ಏರುತ್ತದೆ. ಮೈಕ್ ಅದನ್ನು ಜನರಿಗೆ ಮುಟ್ಟಿಸುತ್ತಲೇ ಇರುತ್ತದೆ, ಏರಿಸುವ ಅಗತ್ಯವೇ ಇರುವುದಿಲ್ಲ. "ಸೌಂಡ್ ಸಿಸ್ಟಮ್‌ನವರ ಹತ್ತಿರ ಒಂದು ಹೆಡ್‌ಫೋನ್ ಲೈನ್ ಕೇಳಿ. ಕೊಡದಿದ್ದರೆ ಒಂದು ಸ್ಪೀಕರನ್ನು ನಿಮ್ಮ ಕಡೆ ಸ್ವಲ್ಪ ತಿರುಗಿಸಿಕೊಳ್ಳಿ, ಮೈಕ್ ಸೀಟಿ ಹೊಡೆಯದಷ್ಟು" ಅಂದೆ. ಅವರಿಗೆ ಇದು ಗೊತ್ತಿತ್ತು. "ಕೇಳೋಕೆ ನಾಚಿಕೆ ಮೇಡಂ. ಕೊಡೋದು 1,500 ರೂಪಾಯಿ, ಇವನಿಗೆ ಹೆಡ್‌ಫೋನ್ ಬೇರೆ ಕೇಡು ಅಂತಾರೆ" ಅಂದರು.

ಅಲ್ಲಿಂದ ಹಣದ ಮಾತು ತಾನಾಗಿಯೇ ಬಂತು. ಈ ಸಲ ನಾನು ಎತ್ತಲಿಲ್ಲ. ಒಂದು ವರ್ಷದಲ್ಲಿ ದನಿಯಿಂದ ಬಂದ ಪ್ರತಿ ರೂಪಾಯಿಯನ್ನೂ ಗಂಡ ಹೆಂಡತಿ ಕೂತು ಬರೆಯಿರಿ, ಮಗಳು ಕೂಡಲಿ ಅಂದೆ. ಮಗಳು 9ನೇ ತರಗತಿ, ಲೆಕ್ಕದಲ್ಲಿ ಚುರುಕು. ಬರೆದು ತಂದ ಪಟ್ಟಿ ನೋಡಿ ಮೂವರಿಗೂ ಆಶ್ಚರ್ಯ. ಎಲ್ಲಕ್ಕಿಂತ ಮೇಲೆ ಇದ್ದಿದ್ದು ರೇಡಿಯೊ ಅಲ್ಲ, ಪಂದ್ಯಾವಳಿಯೂ ಅಲ್ಲ. ಆಟೊಗಳಿಗೆ ರೆಕಾರ್ಡ್ ಮಾಡಿಕೊಡುವ ಪ್ರಚಾರದ ಆಡಿಯೊ! ಜಾತ್ರೆ, ಸೀರೆ ಅಂಗಡಿಯ ಆಷಾಢ ಸೇಲು, ಹೊಸ ಆಸ್ಪತ್ರೆ, ಸಂತೆಯ ಹರಾಜು. ರಾತ್ರಿ ಮನೆಯಲ್ಲಿ ಕಂಬಳಿ ಹೊದ್ದು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದರಂತೆ, ಪ್ರತಿಧ್ವನಿ ಬರಬಾರದು ಅಂತ. "ಅದೇನು ಕೆಲಸನಾ ಮೇಡಂ?" ಅಂದರು. "ನಿಮ್ಮ ಮನೆ ಬಾಡಿಗೆ ಕಟ್ಟಿದ್ದು ಅದೇ" ಅಂದೆ. ಸ್ವಲ್ಪ ಕೋಪ ಬಂತು ಅವರಿಗೆ. ಬರಲಿ.

ನಾನು ಹೇಳಿದ್ದು ಇಷ್ಟು. ಆಡಿಯೊ ಕೆಲಸಕ್ಕೆ ಒಂದು ದರ ಬರೆದಿಡಿ, ಗೆಳೆಯ ಅಂತ ಪುಕ್ಕಟೆ ಮಾಡಬೇಡಿ. ಪಂದ್ಯಾವಳಿಯವರಿಂದ ಅರ್ಧ ಹಣ ಮುಂಚೆ ತಗೊಳ್ಳಿ. ಎಷ್ಟು ಗಂಟೆವರೆಗೆ ಅಂತ ವಾಟ್ಸಾಪಿನಲ್ಲೇ ಒಪ್ಪಿಸಿಕೊಳ್ಳಿ. ಬೆಳಗಿನ ಜಾವದವರೆಗೆ ನಡೆಯುವ ಪಂದ್ಯಕ್ಕೆ ಒಬ್ಬರೇ ಹೋಗಬೇಡಿ. ರೇಡಿಯೊದ 6 ಪಾಳಿ ಬಿಡಬೇಡಿ, ಆದರೆ ಅದರಿಂದ ಮನೆ ನಡೆಯುತ್ತೆ ಅಂತ ಇನ್ನು ಲೆಕ್ಕ ಹಾಕಬೇಡಿ.

17 ವರ್ಷ ಕ್ಯಾಶುಯಲ್ ಆಗಿಯೇ ಉಳಿದೆ ಅನ್ನುವ ನೋವು ಅವರಿಗೆ ಇತ್ತು. "ನನ್ನಲ್ಲೇ ಏನೋ ಕೊರತೆ ಇರಬೇಕು" ಅನ್ನುತ್ತಿದ್ದರು. ಇದನ್ನು ಒಪ್ಪಲು ನಾನು ತಯಾರಿರಲಿಲ್ಲ. ಈ ಕೆಲಸದಲ್ಲಿ ಮೆಟ್ಟಿಲೇ ಇಲ್ಲ. ಮೊದಲ ಮೆಟ್ಟಿಲು ಇದೆ, ಆಮೇಲೆ ಬರೀ ಗೋಡೆ. ಹತ್ತಲಿಲ್ಲ ಅಂತ ತನ್ನ ಕಾಲನ್ನು ಬೈದುಕೊಳ್ಳುವುದು ಯಾವ ನ್ಯಾಯ?

ಇದನ್ನು ಹೇಳಿದಾಗ ಅವರು ಪರ್ಸ್‌ನಿಂದ ಮಡಚಿದ ಪೇಪರ್ ತುಂಡು ತೆಗೆದರು. 2024ರ ಆಗಸ್ಟ್ ತಿಂಗಳ ಸುದ್ದಿ: 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಕೇಂದ್ರ ಸಂಪುಟದ ಒಪ್ಪಿಗೆ. ಪಟ್ಟಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಇದ್ದವು. ಮಡಿಕೆಯ ಜಾಗದಲ್ಲಿ ಪೇಪರ್ ಹರಿದಿತ್ತು. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವ ಹಾಗಿಲ್ಲ. ಆದರೆ 2011ರ ನೀತಿಯಲ್ಲಿ ಸ್ಥಳೀಯ ಆಟಗಳ ನೇರ ವೀಕ್ಷಕ ವಿವರಣೆಗೆ ಅವಕಾಶ ಇದೆ. ಅದೂ ಅವರಿಗೆ ಬಾಯಿಪಾಠ. "ಎಫ್‌ಎಂ ಬಂದ್ರೆ ದಾವಣಗೆರೆಯಲ್ಲಿ ಕಬಡ್ಡಿ ಹೇಳೋಕೆ ನಾನು ಬಿಟ್ರೆ ಯಾರಿದ್ದಾರೆ?" ಅಂದರು. ಅವರ ಮಾತು ಸುಳ್ಳಲ್ಲ. ನಾನು ಹೇಳಿದೆ, "ಆ ಚೀಟಿ ಪರ್ಸ್‌ನಲ್ಲೇ ಇರಲಿ. ಅದನ್ನು ನಂಬಿ ಸಾಲ ಮಾತ್ರ ಮಾಡಬೇಡಿ."

ಬೆಂಗಳೂರಿಗೆ ಹೋಗಿಬಿಡಲಾ ಅನ್ನುವ ಪ್ರಶ್ನೆಯೂ ಬಂತು. ಟಿವಿಯಲ್ಲಿ ಐಪಿಎಲ್, ಪ್ರೊ ಕಬಡ್ಡಿ ಎಲ್ಲದಕ್ಕೂ ಕನ್ನಡ ವಿವರಣೆ ಇದೆಯಲ್ಲ. ಇದೆ. ಆದರೆ ಕ್ರಿಕೆಟ್‌ನಲ್ಲಿ ಆ ಕುರ್ಚಿಗಳಲ್ಲಿ ಹೆಚ್ಚಾಗಿ ಕೂರುವವರು ವಿಜಯ್ ಭಾರದ್ವಾಜ್ ಅವರ ಹಾಗೆ ರಾಜ್ಯಕ್ಕೋ ದೇಶಕ್ಕೋ ಆಡಿದವರು. ಕಬಡ್ಡಿಯಲ್ಲಿ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಮೂರು ನಿಮಿಷದ ಒಂದು ಒಳ್ಳೇ ತುಣುಕು ರೆಕಾರ್ಡ್ ಮಾಡಿ ಕಳಿಸಿ. ಕಳಿಸಿದ ದಿನ ಬರೆದಿಟ್ಟುಕೊಳ್ಳಿ. ಆರು ತಿಂಗಳು ಬಿಟ್ಟು ಇನ್ನೊಂದು ಸಲ ಕಳಿಸಿ. ಮನೆ ಕಿತ್ತುಕೊಂಡು ಹೋಗುವುದು ಬೇಡ. ಮಗಳ ಎಸ್ಸೆಸ್ಸೆಲ್ಸಿ ಹತ್ತಿರ ಇದೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಆ ಯೂಟ್ಯೂಬ್ ಹುಡುಗನ ವಿಷಯ. 24 ವರ್ಷದವನು. ಚಂದ್ರಪ್ಪನವರಿಗೆ ಬರುತ್ತಿದ್ದ ಅರ್ಧ ಪಂದ್ಯಾವಳಿಗಳು ಈಗ ಅವನಿಗೆ. "ಕಬಡ್ಡಿ ಗೊತ್ತಿಲ್ಲ ಅವನಿಗೆ. ಬೋನಸ್ ಕೊಟ್ಟಾಗ ಅಂಕಣದಲ್ಲಿ ಆರು ಜನ ಇದ್ದಾರಾ ಇಲ್ವಾ ಅಂತ ಎಣಿಸೋದಿಲ್ಲ. ಕೆಂಪು ಜೆರ್ಸಿ ರೈಡರ್ ಅಂತಾನೆ. ಆ ಹುಡುಗನಿಗೆ ಹೆಸರಿಲ್ವಾ, ಊರಿಲ್ವಾ?" ಅಂತ ಐದು ನಿಮಿಷದ ಅನುಮತಿ ಮೀರಿ ಬೈದರು. ಆಗ ಗೀತಮ್ಮ ಮೆಲ್ಲಗೆ ಹೇಳಿದರು: ದನಿ ಹೋದ ರಾತ್ರಿ ಬೆಳಗಾಗುವವರೆಗೆ ಜೊತೆಗಿದ್ದು, ಬೈಕಿನಲ್ಲಿ ಆಸ್ಪತ್ರೆಗೆ ಕರೆತಂದವನು ಅವನೇ. ಅವತ್ತಿನ ಹಣವನ್ನೂ ಆಯೋಜಕರಿಂದ ವಸೂಲಿ ಮಾಡಿ ಮನೆಗೆ ತಂದುಕೊಟ್ಟಿದ್ದ. ಚಂದ್ರಪ್ಪ ಇದನ್ನು ನನಗೆ ಬರೆದೂ ಹೇಳಿರಲಿಲ್ಲ, ಮಾತಾಡಿಯೂ ಹೇಳಿರಲಿಲ್ಲ.

ನಾನು ಕೇಳಿದೆ: ಕೆಂಪು ಜೆರ್ಸಿಯ ಹುಡುಗನ ಹೆಸರು, ಊರು ನಿಮಗೆ ಹೇಗೆ ಗೊತ್ತು?

ಮುಂದಿನ ಸಲ ಒಂದು ಚೀಲ ಹೊತ್ತು ಬಂದರು. 31 ನೋಟ್‌ಬುಕ್‌ಗಳು. 2007ರಿಂದ ಹೋದ ಪ್ರತಿ ಪಂದ್ಯದ್ದು. ಯಾವ ಊರಿನ ತಂಡ, ಯಾರು ನಾಯಕ, ಯಾವ ಗರಡಿಯ ಪೈಲ್ವಾನ, ಯಾರ ಶಿಷ್ಯ, ಯಾವ ಪಟ್ಟಿಗೆ ಬಿದ್ದ, ಎಷ್ಟು ನಿಮಿಷದಲ್ಲಿ ಚಿತ್ ಆದ. ಒಂದು ಕಡೆ ಬರೆದಿತ್ತು: "ಇವನ ಅಜ್ಜ ಇದೇ ಅಖಾಡದಲ್ಲಿ ಬೆಳ್ಳಿ ಕಡಗ ಗೆದ್ದವನು. ಅಜ್ಜಿ ಇವತ್ತು ಬಂದಿದ್ದಾಳೆ, ಹೆಂಗಸರ ಕಡೆ ಮೊದಲ ಸಾಲು." ಮೈಕಿನಲ್ಲಿ ಹೇಳಲೆಂದು ಬರೆದುಕೊಂಡಿದ್ದು. ಈ ಪುಸ್ತಕಗಳಿಗೆ ಬೆಲೆ ಇದೆ ಅಂತ ಅವರಿಗೆ ಅನಿಸಿಯೇ ಇರಲಿಲ್ಲ. ಅಟ್ಟದ ಮೇಲೆ ಇದ್ದವು, ಎರಡಕ್ಕೆ ಗೆದ್ದಲು ಹಿಡಿದಿತ್ತು.

ನನ್ನ ಸಲಹೆ ಹೀಗಿತ್ತು. ಆ ಹುಡುಗನ ಜೊತೆ ಎರಡನೇ ಮೈಕ್ ಆಗಿ ಕೂತುಕೊಳ್ಳಿ. ಓಡುವ ಆಟವನ್ನು ಅವನು ಹೇಳಲಿ. ಆಟ ನಿಂತಾಗ ಆಟಗಾರ ಯಾರು ಅಂತ ನೀವು ಹೇಳಿ. ನಿಮ್ಮ ಗಂಟಲಿಗೆ ಅರ್ಧ ಕೆಲಸ. ಮೊಬೈಲಿನಲ್ಲಿ ನೋಡುವವರಿಗೆ ಚಿತ್ರ ಕಾಣುತ್ತೆ, ಆದರೆ ಅಂಗೈ ಅಗಲದ ತೆರೆಯಲ್ಲಿ ಮುಖ ಕಾಣಲ್ಲ. ಅವರಿಗೆ ಹೆಸರು ಬೇಕು. ದುಬೈನಲ್ಲೋ ಬೆಂಗಳೂರಲ್ಲೋ ಕೂತು ತನ್ನೂರ ತಂಡ ನೋಡುವವನಿಗಂತೂ ಇನ್ನೂ ಜಾಸ್ತಿ ಬೇಕು.

"ಅವನ ಕೈಕೆಳಗಾ?" ಅಂದರು ಚಂದ್ರಪ್ಪ.

"ಪಕ್ಕದಲ್ಲಿ" ಅಂದೆ. ಒಪ್ಪಲಿಲ್ಲ. ಎರಡು ತಿಂಗಳು ಆ ಮಾತು ಹಾಗೇ ಬಿದ್ದಿತ್ತು. ನಾನೂ ಕೆದಕಲಿಲ್ಲ. ಮಗಳು ಮಾತ್ರ ರಜೆಯಲ್ಲಿ ನೋಟ್‌ಬುಕ್ ತೆಗೆದು ಒಂದೊಂದೇ ಹೆಸರನ್ನು ಮೊಬೈಲಿಗೆ ಹಾಕಲು ಶುರು ಮಾಡಿದಳು. ಊರಿನ ಪ್ರಕಾರ ಹುಡುಕುವ ಹಾಗೆ ಜೋಡಿಸಿದಳಂತೆ. ಒಂದು ದಿನ ಆ ಹುಡುಗ ಮನೆಗೆ ಬಂದು ಅದನ್ನು ನೋಡಿ, "ಅಣ್ಣಾ, ಇದು ಬಂಗಾರ. ಇದನ್ನ ನನಗೆ ಕೊಡಬೇಡಿ, ನೀವೇ ಬಂದು ಓದಿ" ಅಂದನಂತೆ. ನಾನು ಎರಡು ತಿಂಗಳಲ್ಲಿ ಮಾಡಲಾಗದ ಕೆಲಸ.

ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಈ ಸಲ ಬಂದಾಗ ನನಗೆ ಹಳೇ ಊರಿನ ಕಡೆ ಕೆಲಸ ಇತ್ತು. ಕುಸ್ತಿ ನೋಡಲು ಹೋದವಳಲ್ಲ. ಲೌಡ್‌ಸ್ಪೀಕರ್ ಬೀದಿಯ ತನಕ ಕೇಳುತ್ತಿತ್ತು. ಮೊದಲು ಒಂದು ಎಳೆ ದನಿ, ಓಡುವ ಹಾಗೆ ಮಾತು. ನಡುವೆ ಇನ್ನೊಂದು ದನಿ, ಕೆಳಗಿನ ಸ್ವರದಲ್ಲಿ, ಅವಸರ ಇಲ್ಲದೆ. ಈ ಜೋಡಿ ಹೋದ ಜಾತ್ರೆಯಲ್ಲಿ ಸಮ ಆಗಿತ್ತು, ಇವತ್ತು ಇತ್ಯರ್ಥ ಆಗ್ಬೇಕು ಅಂತ ಇಬ್ಬರೂ ಕೇಳ್ಕೊಂಡು ಬಂದಿದ್ದಾರೆ ಅಂತ ಏನೋ ಹೇಳುತ್ತಿತ್ತು. ಆಮೇಲೆ, "ಒಂದು ನಿಮಿಷ ಇರ್ರಿ, ನೀರು ಕುಡೀತೀನಿ." ಜನ ಸೀಟಿ ಹೊಡೆದರು.

ಸಂಘದ ಸಾಲ ಇನ್ನೂ 7 ಕಂತು ಇದೆ. ಬೆಂಗಳೂರಿಗೆ ಕಳಿಸಿದ ತುಣುಕಿಗೆ ಉತ್ತರ ಬಂದಿಲ್ಲ. ಎರಡನೇ ಸಲ ಕಳಿಸುವ ತಾರೀಖನ್ನು ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ಭಾನುವಾರ ಬೆಳಿಗ್ಗೆ ಈಗ ಮನೆಯಲ್ಲೇ ಇರುತ್ತಾರೆ, ಆದರೆ ಆ ಹೊತ್ತಿಗೆ ರೇಡಿಯೊ ಹಾಕುವುದಿಲ್ಲವಂತೆ. ಅದರ ಬಗ್ಗೆ ನಾವು ಇನ್ನೂ ಮಾತಾಡಿಲ್ಲ. ಮುಂದಿನ ತಿಂಗಳು ಒಬ್ಬರೇ ಬರುತ್ತಾರೆ. ಅವತ್ತು ಗೀತಮ್ಮನವರ ಸಂಘದ ಮೀಟಿಂಗ್ ಇದೆ.